ಬಯಾಪ್ಸಿಗೆ ಬರೆದುಕೊಟ್ಟಿದ್ದಾರೆಯೇ? ಚೀಟಿಯಿಂದ ವರದಿಯವರೆಗೆ ಕಾಸರಗೋಡಿನವರು ತಿಳಿದಿರಬೇಕಾದದ್ದು

"ತುಂಡು ತೆಗೆದು ಪರೀಕ್ಷೆಗೆ ಕಳುಹಿಸಬೇಕು ಎಂದಿದ್ದಾರೆ. ಹಾಗಾದರೆ ಅದೇ ಅಲ್ಲವೇ?" ಈ ಪ್ರಶ್ನೆ ನನ್ನ ಮೊಬೈಲಿಗೆ ಬಾರದ ವಾರವಿಲ್ಲ. ಬದಿಯಡ್ಕದಿಂದ, ಪೆರ್ಲದಿಂದ, ಮುಳ್ಳೇರಿಯದಿಂದ, ಉಪ್ಪಳದಿಂದ; ಊರು ಬೇರೆಯಾದರೂ ದನಿಯಲ್ಲಿನ ನಡುಕ ಒಂದೇ. ಕ್ಯಾನ್ಸರ್ ಎಂಬ ಪದವನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನಾನು ವೈದ್ಯನಲ್ಲ. ಮಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಆ ತುಂಡುಗಳನ್ನು ಮೇಣದಲ್ಲಿ ಕೂರಿಸಿ ತೆಳ್ಳಗೆ ಕೊಯ್ಯುವ ಟೆಕ್ನೀಷಿಯನ್. ಚಿಕಿತ್ಸೆಯ ಮಾತನ್ನು ನಿಮ್ಮ ವೈದ್ಯರಿಗೆ ಬಿಟ್ಟು, ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

ಎಲ್ಲರೂ ಹೆದರುವುದು ಸೂಜಿ ಚುಚ್ಚುವ ಐದು ನಿಮಿಷಕ್ಕೆ. ನಾನು ಕಂಡಂತೆ ಕೆಲಸ ಕೆಡುವುದು ಅಲ್ಲಿ ಅಪರೂಪ. ಕೆಡುವುದು ಬಾಟಲಿಯಲ್ಲಿ, ಚೀಟಿಯಲ್ಲಿ, ಹೆಸರಿನಲ್ಲಿ. ನಮ್ಮ ಗಡಿನಾಡಿನಲ್ಲಿ ತುಂಡು ತೆಗೆಯುವ ಆಸ್ಪತ್ರೆ ಒಂದು ಕಡೆ, ಅದನ್ನು ನೋಡುವ ಪ್ರಯೋಗಾಲಯ ಎಷ್ಟೋ ಸಲ ತಲಪಾಡಿ ಗಡಿಯ ಆಚೆ. ನಡುವೆ ಆ ಬಾಟಲಿ ಹಿಡಿದು ಬಸ್ಸಿನಲ್ಲಿ ಕುಳಿತಿರುವವರು ನೀವು.

ಹೆಜ್ಜೆಗಳಿಗೆ ಮೊದಲು ಎರಡು ಭಯಗಳನ್ನು ಬದಿಗಿಡೋಣ. ಒಂದು, ಬಯಾಪ್ಸಿ ಎಂದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಕುತ್ತಿಗೆಯ ಗಂಟು ಕ್ಷಯದ್ದೇ ಎಂದು ತಿಳಿಯಲು, ಮೂತ್ರದಲ್ಲಿ ಪ್ರೋಟೀನ್ ಸೋರುವ ಕಾರಣ ಹುಡುಕಲು, ವಾಸಿಯಾಗದ ಚರ್ಮದ ಕಲೆ ಯಾವುದೆಂದು ಗುರುತಿಸಲು, ಹೊಟ್ಟೆಯ ಹುಣ್ಣಿನಲ್ಲಿ ರೋಗಾಣು ಇದೆಯೇ ಎಂದು ನೋಡಲು, ಎಲ್ಲಕ್ಕೂ ಬಯಾಪ್ಸಿ ಬೇಕು. ಎರಡು, "ಗಂಟಿಗೆ ಸೂಜಿ ತಾಗಿಸಿದರೆ ಹರಡುತ್ತದೆ" ಎಂಬ ಮಾತು. ಸೂಜಿಯ ದಾರಿಯಲ್ಲಿ ಕೋಶಗಳು ಹರಡುವುದು ಬಲು ವಿರಳ. ಎಲ್ಲಿ ಆ ಅಪಾಯವಿದೆಯೋ ಅಲ್ಲಿ ವೈದ್ಯರೇ ದಾರಿ ಬದಲಿಸುತ್ತಾರೆ. ವೃಷಣದ ಗಡ್ಡೆ ಸಂಶಯಾಸ್ಪದವಾಗಿದ್ದರೆ ಸಾಮಾನ್ಯವಾಗಿ ಸೂಜಿ ಹಾಕುವುದೇ ಇಲ್ಲ. ಮೂಳೆಯ ಗಡ್ಡೆಯಾದರೆ, ಮುಂದೆ ಶಸ್ತ್ರಚಿಕಿತ್ಸೆ ಮಾಡುವವರೇ ಬಯಾಪ್ಸಿಯ ದಾರಿಯನ್ನೂ ನಿರ್ಧರಿಸಬೇಕು. ಆ ದಾರಿಯನ್ನು ನಂತರ ಗಡ್ಡೆಯ ಜೊತೆಗೇ ತೆಗೆದುಹಾಕುತ್ತಾರೆ. ಆದ್ದರಿಂದ ಮೂಳೆಯ ವಿಷಯದಲ್ಲಿ "ಹತ್ತಿರದಲ್ಲೇ ಒಂದು ತುಂಡು ತೆಗೆಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋಗೋಣ" ಎಂಬ ಲೆಕ್ಕ ಬೇಡ.

1. ಚೀಟಿಯಲ್ಲಿ ಯಾವ ಬಯಾಪ್ಸಿ ಎಂದಿದೆ, ಕೇಳಿ ತಿಳಿದುಕೊಳ್ಳಿ

ಎಫ್‌ಎನ್‌ಎಸಿ ಎಂದಿದ್ದರೆ ಅದು ಸಪೂರ ಸೂಜಿಯ ಪರೀಕ್ಷೆ. ರಕ್ತ ತೆಗೆಯುವ ಸೂಜಿಯಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಸಪೂರ. ಬರುವುದು ತುಂಡಲ್ಲ, ಬಿಡಿ ಜೀವಕೋಶಗಳು. ಅವನ್ನು ಸ್ಲೈಡ್ ಎಂಬ ಗಾಜಿನ ಪಟ್ಟಿಯ ಮೇಲೆ ಸವರುತ್ತಾರೆ. ಬೇಗ ಮುಗಿಯುತ್ತದೆ, ಬೇಗ ಫಲಿತಾಂಶವೂ ಬರುತ್ತದೆ. ಆದರೆ ಕೋಶಗಳು ಒಂದಕ್ಕೊಂದು ಹೇಗೆ ಜೋಡಿಸಿಕೊಂಡಿದ್ದವು ಎಂಬುದು ಅದರಲ್ಲಿ ಕಾಣುವುದಿಲ್ಲ. ಸುಲಿದು ರಾಶಿ ಹಾಕಿದ ಅಡಿಕೆ ನೋಡಿ ಗೊನೆ ಹೇಗಿತ್ತೆಂದು ಹೇಳಬೇಕಾದ ಪಾಡು ಅದು.

ಟ್ರೂಕಟ್ ಅಥವಾ ಕೋರ್ ಬಯಾಪ್ಸಿಯಲ್ಲಿ ಸ್ವಲ್ಪ ದಪ್ಪ ಸೂಜಿ. ಶ್ಯಾವಿಗೆಯ ಎಳೆಯಂತಹ ಸಣ್ಣ ತುಂಡುಗಳು ಬರುತ್ತವೆ. ಸ್ತನದ ಗಂಟಿಗೆ ಈಗ ಹೆಚ್ಚಾಗಿ ಇದನ್ನೇ ಮಾಡುತ್ತಾರೆ. ಪಂಚ್ ಬಯಾಪ್ಸಿ ಚರ್ಮಕ್ಕೆ. 3ರಿಂದ 4 ಮಿಲಿಮೀಟರ್ ಅಗಲದ ದುಂಡನೆಯ ತುಣುಕು. ಎಂಡೋಸ್ಕೋಪಿಯಲ್ಲಿ ಚಿಮುಟದಂತಹ ಉಪಕರಣ ಕಚ್ಚಿ ತರುವ ತುಣುಕುಗಳು ಅಕ್ಕಿಯ ನುಚ್ಚಿನಷ್ಟಿರುತ್ತವೆ. ಇನ್ಸಿಷನಲ್ ಎಂದರೆ ಗಡ್ಡೆಯ ಒಂದು ಭಾಗ ಮಾತ್ರ, ಎಕ್ಸಿಷನಲ್ ಎಂದರೆ ಗಡ್ಡೆಯನ್ನು ಇಡಿಯಾಗಿ ತೆಗೆಯುವುದು. ಮೊದಲು ಎಫ್‌ಎನ್‌ಎಸಿ, ಆಮೇಲೆ ಟ್ರೂಕಟ್ ಎಂದು ಬರೆದರೆ "ಎರಡೆರಡು ಸಲ ಹಣ ಕೀಳುತ್ತಾರೆ" ಎಂದು ಸಿಟ್ಟಾಗಬೇಡಿ. ಮೊದಲನೆಯದರಲ್ಲಿ ಸಿಗದ ಉತ್ತರ ಎರಡನೆಯದರಲ್ಲಿದೆ.

2. ಹೊರಡುವ ಮೊದಲು

ರಕ್ತ ತೆಳುವಾಗಿಸುವ ಮಾತ್ರೆ, ಅಂದರೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಮುಂತಾದವು ನಡೆಯುತ್ತಿದ್ದರೆ ಮೊದಲೇ ಹೇಳಿ. ಹೇಳದಿರುವುದು ಒಂದು ತಪ್ಪು. ನೀವೇ ನಿಲ್ಲಿಸಿಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಪಕ್ಕದ ಮನೆಯವರ ಮಾತು ಕೇಳಿ ಮಾತ್ರೆ ಬಿಟ್ಟರೆ ಗಂಟಿಗಿಂತ ಮೊದಲು ಹೃದಯ ತೊಂದರೆ ಕೊಟ್ಟೀತು. ಯಾವುದನ್ನು, ಎಷ್ಟು ದಿನ ನಿಲ್ಲಿಸಬೇಕೆಂದು ಹೃದಯದ ವೈದ್ಯರೂ ಬಯಾಪ್ಸಿ ಮಾಡುವವರೂ ಸೇರಿ ಹೇಳಲಿ. ಆಯುರ್ವೇದದ ಮದ್ದು, ಕಷಾಯ ನಡೆಯುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಆಳದ ಅಂಗಗಳಿಗಾದರೆ ಪ್ಲೇಟ್‌ಲೆಟ್ ಎಣಿಕೆ ಮತ್ತು ರಕ್ತ ಹೆಪ್ಪುಗಟ್ಟುವ ಪರೀಕ್ಷೆಯಾದ ಐಎನ್‌ಆರ್ ಮಾಡಿಸಲು ಹೇಳುತ್ತಾರೆ. ಖಾಲಿ ಹೊಟ್ಟೆ ಬೇಕೇ ಎಂದು ಕೇಳಿಕೊಳ್ಳಿ. ಎಂಡೋಸ್ಕೋಪಿಗೆ ಬೇಕು, ಕುತ್ತಿಗೆಯ ಎಫ್‌ಎನ್‌ಎಸಿಗೆ ಸಾಮಾನ್ಯವಾಗಿ ಬೇಡ.

ಒಪ್ಪಿಗೆ ಪತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಪೆರಡಾಲದ ಶಾಲೆಯಲ್ಲಿ ಕನ್ನಡ ಮಾತ್ರ ಕಲಿತ ಅಜ್ಜನಿಗೆ ಅದು ಗೆರೆಗಳ ರಾಶಿ. ಓದಿ ಕನ್ನಡದಲ್ಲಿ ಹೇಳಿ ಎಂದು ಕೇಳಲು ಸಂಕೋಚ ಬೇಡ. ಏನು ಮಾಡುತ್ತಾರೆ, ಯಾವ ಅಪಾಯ ಇದೆ, ಮಾಡದಿದ್ದರೆ ಏನು, ಈ ಮೂರೂ ತಿಳಿದ ಮೇಲೆಯೇ ಸಹಿ.

ಮಂಗಳೂರಿಗೆ ಹೋಗುವವರು ಇನ್ನೊಂದು ವಿಷಯ ನೋಡಬೇಕು. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ ಎಂಬ ಆರೋಗ್ಯ ವಿಮಾ ಯೋಜನೆಯ ಕಾರ್ಡ್ ಗಡಿಯಾಚೆಯ ಪ್ರತಿ ಆಸ್ಪತ್ರೆಯಲ್ಲೂ ನಡೆಯುತ್ತದೆ ಎಂದುಕೊಳ್ಳಬೇಡಿ. ಆ ಆಸ್ಪತ್ರೆ ಪಟ್ಟಿಯಲ್ಲಿದೆಯೇ, ದಾಖಲಾಗದೆ ಮಾಡಿಸುವ ಬಯಾಪ್ಸಿಗೂ ಅದು ಸಲ್ಲುತ್ತದೆಯೇ, ಎರಡನ್ನೂ ಬಸ್ಸು ಹತ್ತುವ ಮೊದಲು ಫೋನಿನಲ್ಲಿ ಕೇಳಿ.

3. ಆ ದಿನ

ಚರ್ಮ, ಸ್ತನ, ಕುತ್ತಿಗೆಯ ಬಯಾಪ್ಸಿಗೆ ಆ ಜಾಗಕ್ಕಷ್ಟೇ ಅರಿವಳಿಕೆ ಕೊಡುತ್ತಾರೆ. ಹಲ್ಲು ಕೀಳುವಾಗ ಕೊಡುವಂಥದ್ದೇ. ಕೊಡುವಾಗಿನ ಉರಿಯೇ ಹೆಚ್ಚು, ಆಮೇಲೆ ಬರೀ ಒತ್ತಿದಂತೆ. ಟ್ರೂಕಟ್ ಸಾಧನಕ್ಕೆ ಸ್ಪ್ರಿಂಗ್ ಇರುತ್ತದೆ. ಅದು ಸ್ಟೇಪ್ಲರಿನಂತೆ "ಟಕ್" ಎಂದು ಸದ್ದು ಮಾಡುತ್ತದೆ, ರೋಗಿ ಬೆಚ್ಚಿ ಅಲುಗುತ್ತಾರೆ. ಸದ್ದನ್ನು ಒಮ್ಮೆ ಮೊದಲೇ ಕೇಳಿಸಿ ಎಂದು ಕೇಳಬಹುದು; ಹೆಚ್ಚಿನವರು ಕೇಳಿಸುತ್ತಾರೆ. ಒಂದಕ್ಕಿಂತ ಹೆಚ್ಚು ಸಲ ಚುಚ್ಚಿದರೆ ಮೊದಲಿನದು ತಪ್ಪಿತೆಂದಲ್ಲ. ಪ್ರಾಸ್ಟೇಟ್‌ನಲ್ಲಿ ಸಾಮಾನ್ಯವಾಗಿ 10ರಿಂದ 12 ಕಡೆಯಿಂದ ತೆಗೆಯುತ್ತಾರೆ.

ಮುಗಿದ ಮೇಲೆ ಆ ಜಾಗವನ್ನು ಒತ್ತಿ ಹಿಡಿಯಿರಿ, ಉಜ್ಜಬೇಡಿ. ಯಕೃತ್ತು, ಮೂತ್ರಪಿಂಡದ ಬಯಾಪ್ಸಿಯಾದರೆ ಹಲವು ಗಂಟೆ ಮಲಗಿಯೇ ಇರಬೇಕು; "ಕೊನೆಯ ಬಸ್ಸು ತಪ್ಪುತ್ತದೆ" ಎಂದು ಎದ್ದು ಬರುವಂತಿಲ್ಲ. ಅಂಥ ದಿನ ಒಬ್ಬ ಬೈಸ್ಟ್ಯಾಂಡರ್ ಜೊತೆಗಿರಲಿ. ರಕ್ತ ನಿಲ್ಲದಿರುವುದು, ಜ್ವರ, ತಲೆಸುತ್ತು, ಶ್ವಾಸಕೋಶದ ಬಯಾಪ್ಸಿಯ ನಂತರ ಎದೆನೋವು ಅಥವಾ ಉಸಿರಾಟದ ಕಷ್ಟ, ಮೂತ್ರಪಿಂಡದ ಬಯಾಪ್ಸಿಯ ನಂತರ ಮೂತ್ರದಲ್ಲಿ ರಕ್ತದ ಗಡ್ಡೆ: ಇವುಗಳಲ್ಲಿ ಯಾವುದು ಕಂಡರೂ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಮರಳಿ.

4. ಬಾಟಲಿ ನಿಮ್ಮ ಕೈಗೆ ಬಂದಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಬಾಟಲಿಯೊಳಗಿನ ನೀರಿನಂತಹ ದ್ರವ ಫಾರ್ಮಲಿನ್. ದೇಹದಿಂದ ಹೊರಬಂದ ಕ್ಷಣದಿಂದ ತುಂಡು ಕೊಳೆಯಲು ತೊಡಗುತ್ತದೆ. ಫಾರ್ಮಲಿನ್ ಅದನ್ನು ಇದ್ದ ಸ್ಥಿತಿಯಲ್ಲೇ ಹಿಡಿದು ನಿಲ್ಲಿಸುತ್ತದೆ. ಬಳಸುವುದು 10 ಶೇಕಡಾ ದ್ರಾವಣ, ತುಂಡಿನ ಗಾತ್ರದ ಕನಿಷ್ಠ 10 ಪಟ್ಟು. ಅಂದರೆ ತುಂಡು ಅದರಲ್ಲಿ ತೇಲಾಡುವಂತಿರಬೇಕು, ಉಪ್ಪಿನಕಾಯಿಯ ಹೋಳಿನಂತೆ ಒತ್ತಿಕೊಂಡಿರಬಾರದು. ಕೊಟ್ಟ ಕೂಡಲೇ ಬೆಳಕಿಗೆ ಹಿಡಿದು ನೋಡಿ. ದ್ರವ ಕಡಿಮೆ ಎನಿಸಿದರೆ ಅಲ್ಲಿಯೇ ಕೇಳಿ. ದಾರಿಯಲ್ಲಿ ನೀರು, ಸ್ಪಿರಿಟ್, ಡೆಟಾಲ್ ಯಾವುದನ್ನೂ ಸೇರಿಸಬೇಡಿ. ಫ್ರಿಜ್ಜಿನಲ್ಲಿ, ಅದರಲ್ಲೂ ಐಸ್ ಕಟ್ಟುವ ಖಾನೆಯಲ್ಲಿ ಇಡಬೇಡಿ: ಹೆಪ್ಪುಗಟ್ಟಿದರೆ ಒಳಗೆ ಹರಳುಗಳಾಗಿ ಕೋಶಗಳು ಹರಿದುಹೋಗುತ್ತವೆ. ಮನೆಯ ನೆರಳಿನ ಮೂಲೆ ಸಾಕು. "ಕೆಡುತ್ತದೆಂದು ಐಸಿನಲ್ಲಿಟ್ಟು ತಂದೆವು" ಎಂದು ಮೀನಿನ ಪೆಟ್ಟಿಗೆಯಂತಹ ಪೆಟ್ಟಿಗೆಯಲ್ಲಿ ಹೊತ್ತು ತಂದವರನ್ನು ನೋಡಿದ್ದೇನೆ. ಪ್ರೀತಿಯಿಂದ ಮಾಡಿದ ಕೆಲಸ. ಸ್ಲೈಡಿನಲ್ಲಿ ಮಾತ್ರ ಎಲ್ಲೆಲ್ಲೂ ತೂತು.

ಬಾಟಲಿಯ ಬಾಯಿ ಅಗಲವಾಗಿರಬೇಕು. ಮೆತ್ತಗಿದ್ದಾಗ ಸಪೂರ ಬಾಯಿಯಲ್ಲಿ ತೂರಿಸಿದ ತುಂಡು ಫಾರ್ಮಲಿನ್‌ನಲ್ಲಿ ಗಟ್ಟಿಯಾಗುತ್ತದೆ, ಆಮೇಲೆ ಹೊರಬರುವುದಿಲ್ಲ. ಮದ್ದಿನ ಹಳೆಯ ಬಾಟಲಿಯೊಂದನ್ನು ಒಡೆದು ಗಡ್ಡೆಯನ್ನು ಹೊರತೆಗೆದ ದಿನ ನನ್ನ ಕೈಗವಸಿನ ತುಂಬ ಗಾಜಿನ ಚೂರು.

ಹೆಸರು ಬಾಟಲಿಯ ಮೈಮೇಲೆ ಇರಲಿ, ಮುಚ್ಚಳದ ಮೇಲಲ್ಲ. ಮುಚ್ಚಳ ತೆಗೆದ ಮೇಲೆ ಅದು ಯಾರದ್ದೋ ಮುಚ್ಚಳ. ಹೆಸರು, ವಯಸ್ಸು, ಆಸ್ಪತ್ರೆಯ ಸಂಖ್ಯೆ, ಯಾವ ಜಾಗದ ತುಂಡು, ಎಡವೋ ಬಲವೋ ಎಂಬುದು ಬಾಟಲಿಯಲ್ಲೂ ಚೀಟಿಯಲ್ಲೂ ಒಂದೇ ಆಗಿರಬೇಕು. ನಮ್ಮವರ ದೊಡ್ಡ ಸಂಕಟವೇ ಇದು. ಆಧಾರಿನಲ್ಲಿ ಹೆಸರಿನ ಹಿಂದೆ ಅಕ್ಷರ, ರೇಷನ್ ಕಾರ್ಡಿನಲ್ಲಿ ಮುಂದೆ ಅಕ್ಷರ, ಆಸ್ಪತ್ರೆಯಲ್ಲಿ ಮಲಯಾಳದ ಉಚ್ಚಾರಕ್ಕೆ ತಿರುಗಿದ ಇನ್ನೊಂದು ರೂಪ. ಒಂದೇ ಬೆಳಿಗ್ಗೆ ಮೂವರು ನಾರಾಯಣ ಭಟ್ಟರೂ ಇಬ್ಬರು ಅಬ್ದುಲ್ಲರೂ ಬರುವ ಊರು ನಮ್ಮದು. ಆಧಾರಿನಲ್ಲಿ ಇರುವಂತೆಯೇ ಎಲ್ಲ ಕಡೆ ಬರೆಸಿ. ಎರಡು ಜಾಗದಿಂದ ತೆಗೆದಿದ್ದರೆ ಎರಡು ಬಾಟಲಿ, ಎರಡಕ್ಕೂ ಬೇರೆ ಬೇರೆ ಗುರುತು.

ಚೀಟಿಯಲ್ಲಿ "ಗಂಟು, ಬಯಾಪ್ಸಿ ಮಾಡಿ" ಎಂದಷ್ಟೇ ಇದ್ದರೆ ಸಾಲದು. ಎಷ್ಟು ದಿನದಿಂದ ಇದೆ, ಸ್ಕ್ಯಾನಿನಲ್ಲಿ ಏನು ಕಂಡಿತು, ಹಿಂದೆ ಕ್ಯಾನ್ಸರ್ ಅಥವಾ ಕ್ಷಯ ಇತ್ತೇ, ಯಾವ ಚಿಕಿತ್ಸೆ ನಡೆದಿದೆ, ಇಷ್ಟು ಬೇಕು. ಗರ್ಭಕೋಶದ ಒಳಪದರದ ಬಯಾಪ್ಸಿಗೆ ಕೊನೆಯ ಮುಟ್ಟಿನ ದಿನಾಂಕ ಬರೆಯಲೇಬೇಕು. ತಿಂಗಳ ಯಾವ ದಿನ ಎಂಬುದರ ಮೇಲೆ ಆ ಪದರದ ರೂಪವೇ ಬದಲಾಗುತ್ತದೆ. ಬಾಟಲಿ ತರುವುದು ಹೆಚ್ಚಾಗಿ ಮಗನೋ ಅಳಿಯನೋ. ಕೌಂಟರಿನಲ್ಲಿ ಈ ಪ್ರಶ್ನೆ ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಾರೆ. ಮನೆಯಲ್ಲಿಯೇ ಚೀಟಿಯಲ್ಲಿ ಬರೆಸಿ ಕಳುಹಿಸಿ.

ಒಂದು ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯ. ಎಲ್ಲ ತುಂಡೂ ಫಾರ್ಮಲಿನ್‌ಗೆ ಹೋಗಬೇಕೆಂದಿಲ್ಲ. ಕ್ಷಯದ ಸಂಶಯವಿದ್ದರೆ ಒಂದು ಭಾಗ ಬರೀ ಸಲೈನಿನಲ್ಲಿ, ಅಂದರೆ ಆಸ್ಪತ್ರೆಯ ಉಪ್ಪುನೀರಿನ ದ್ರಾವಣದಲ್ಲಿ, ಬೇರೆ ಶುದ್ಧ ಡಬ್ಬಿಯಲ್ಲಿ ಹೋಗಬೇಕು. ಫಾರ್ಮಲಿನ್ ರೋಗಾಣುವನ್ನು ಕೊಂದುಬಿಡುವುದರಿಂದ ಕಲ್ಚರ್ ಪರೀಕ್ಷೆಯಲ್ಲಿ ಅದು ಬೆಳೆಯದು. ಮೂತ್ರಪಿಂಡದ ಬಯಾಪ್ಸಿಯಲ್ಲೂ ಒಂದು ತುಣುಕಿಗೆ ಬೇರೆ ದ್ರಾವಣ ಬೇಕು. "ಇದರಲ್ಲಿ ಏನನ್ನಾದರೂ ಫಾರ್ಮಲಿನ್ ಇಲ್ಲದೆ ಕಳುಹಿಸಬೇಕೇ?" ಎಂದು ಬಯಾಪ್ಸಿಗೆ ಮೊದಲೇ ವೈದ್ಯರನ್ನು ಕೇಳಿ. ಸಲೈನಿನಲ್ಲಿ ಇರುವುದನ್ನು ಮಾತ್ರ ತಡಮಾಡದೆ ಅದೇ ದಿನ ತಲುಪಿಸಬೇಕು.

ಇನ್ನು ಪ್ರಯಾಣ. ಮುಚ್ಚಳ ಬಿಗಿ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನೆಟ್ಟಗೆ ನಿಲ್ಲುವಂತೆ ಬ್ಯಾಗಿನಲ್ಲಿಡಿ. ಚೀಟಿ ಅದೇ ಚೀಲದಲ್ಲಿ ಬೇಡ. ಸೋರಿದರೆ ಶಾಯಿ ಕದಡಿ ಯಾರ ಹೆಸರೂ ಉಳಿಯುವುದಿಲ್ಲ. ಫಾರ್ಮಲಿನ್ ಕಣ್ಣು ಮೂಗು ಉರಿಸುತ್ತದೆ, ವಿಷವೂ ಹೌದು. ಕೈಗೆ ತಾಗಿದರೆ ಧಾರಾಳ ನೀರಿನಲ್ಲಿ ತೊಳೆಯಿರಿ. ಮಕ್ಕಳ ಕೈಗೆ ಸಿಗುವಲ್ಲಿ, ಕುಡಿಯುವ ನೀರಿನ ಬಾಟಲಿಯ ಪಕ್ಕದಲ್ಲಿ ಇಡಲೇಬೇಡಿ. ತಲುಪಿಸಿದ ಮೇಲೆ ರಶೀದಿಯನ್ನೂ ಪ್ರಯೋಗಾಲಯ ಕೊಡುವ ಸಂಖ್ಯೆಯನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

5. ಪ್ರಯೋಗಾಲಯದೊಳಗೆ

"ಒಂದು ತುಂಡು ನೋಡಲು ಇಷ್ಟು ದಿನವೇ?" ಎನ್ನುವವರಿಗಾಗಿ ಈ ಭಾಗ.

ಮೊದಲು ಬಾಟಲಿಯ ಹೆಸರನ್ನೂ ಚೀಟಿಯ ಹೆಸರನ್ನೂ ತಾಳೆ ನೋಡಿ ಸಂಖ್ಯೆ ಕೊಡುತ್ತೇವೆ. ಆಮೇಲೆ ಪೆಥಾಲಜಿಸ್ಟ್, ಅಂದರೆ ರೋಗಶಾಸ್ತ್ರದ ವೈದ್ಯರು, ತುಂಡಿನ ಅಳತೆ, ಬಣ್ಣ, ಗಡಸುತನ ಬರೆಸುತ್ತಾರೆ. ದೊಡ್ಡದಾದರೆ ಕೊಯ್ದು ಮುಖ್ಯ ಭಾಗಗಳನ್ನು ಆರಿಸುತ್ತಾರೆ. ಅವು ಬೆರಳುದ್ದದ ಪ್ಲಾಸ್ಟಿಕ್ ಜಾಲರಿ ಪೆಟ್ಟಿಗೆಗೆ ಹೋಗುತ್ತವೆ. ಫಾರ್ಮಲಿನ್ ಗಂಟೆಗೆ ಸುಮಾರು 1 ಮಿಲಿಮೀಟರಿನಷ್ಟೇ ಒಳಗಿಳಿಯುವುದರಿಂದ ಇಡೀ ಗರ್ಭಕೋಶ, ಇಡೀ ಸ್ತನ ಬಂದರೆ ಸೀಳಿ ಒಂದು ರಾತ್ರಿ ಮತ್ತೆ ನೆನೆಸಬೇಕು.

ರಾತ್ರಿಯಿಡೀ ಯಂತ್ರದ ಕೆಲಸ. ಆಲ್ಕೋಹಾಲ್ ತುಂಡಿನೊಳಗಿನ ನೀರನ್ನು ಹೀರುತ್ತದೆ, ಕ್ಸೈಲೀನ್ ಆಲ್ಕೋಹಾಲನ್ನು ಹೊರಹಾಕುತ್ತದೆ, ಕೊನೆಗೆ ಸುಮಾರು 60 ಡಿಗ್ರಿಯ ಕರಗಿದ ಪ್ಯಾರಾಫಿನ್ ಮೇಣ ಆ ಜಾಗ ತುಂಬುತ್ತದೆ. ಬೆಳಿಗ್ಗೆ ತುಂಡನ್ನು ಮೇಣದ ಇಟ್ಟಿಗೆಯಲ್ಲಿ ಕೂರಿಸುತ್ತೇವೆ. ಇದೇ "ಬ್ಲಾಕ್"; ಈ ಪದ ನೆನಪಿಡಿ, ಮುಂದೆ ಬೇಕಾಗುತ್ತದೆ. ಚರ್ಮದ ತುಣುಕನ್ನು ಅಡ್ಡ ಮಲಗಿಸಿದರೆ ಪದರಗಳೇ ಕಾಣುವುದಿಲ್ಲ, ನೆಟ್ಟಗೆ ನಿಲ್ಲಿಸಬೇಕು. ಅದೊಂದು ಕೈಚಳಕ.

ನಂತರ ಮೈಕ್ರೋಟೋಮ್ ಎಂಬ ಕೊಯ್ಯುವ ಯಂತ್ರ. 3ರಿಂದ 5 ಮೈಕ್ರಾನ್ ದಪ್ಪದ ಪದರ ಬೇಕು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನೀರುದೋಸೆ ಇದರ ಮುಂದೆ ಕಂಬಳಿ. ಹಿಡಿ ತಿರುಗಿಸಿದಂತೆ ಮೇಣದ ರಿಬ್ಬನ್ನು ಇಳಿಯುತ್ತದೆ. ಆಗ ಉಸಿರು ಬಿಟ್ಟರೂ ಹಾರಿಹೋಗುತ್ತದೆ, ಫ್ಯಾನು ಹಾಕುವಂತಿಲ್ಲ. ಅದನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟರೆ ಸುಕ್ಕು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೆಳಗಿನಿಂದ ಸ್ಲೈಡ್ ಹಿಡಿದು ಎತ್ತಬೇಕು.

ಈ ಹಂತದಲ್ಲಿ ಅದಕ್ಕೆ ಬಣ್ಣವೇ ಇಲ್ಲ. ಹೆಮಟಾಕ್ಸಿಲಿನ್ ಎಂಬ ಬಣ್ಣ, ಮೂಲತಃ ಮಧ್ಯ ಅಮೆರಿಕದ ಒಂದು ಮರದ ಕೆಚ್ಚಿನದು, ಕೋಶದ ಕೇಂದ್ರವನ್ನು ನೀಲಿ ನೇರಳೆಯಾಗಿಸುತ್ತದೆ. ಇಯೋಸಿನ್ ಉಳಿದುದನ್ನು ಗುಲಾಬಿಯಾಗಿಸುತ್ತದೆ. ಪೆಥಾಲಜಿಸ್ಟ್ ನೋಡುವುದು ಈ ನೀಲಿ ಗುಲಾಬಿ ಚಿತ್ರವನ್ನು: ಕೇಂದ್ರಗಳು ದೊಡ್ಡದಾಗಿವೆಯೇ, ಕೋಶಗಳು ಸಾಲು ತಪ್ಪಿವೆಯೇ, ಪದರದ ತಳದ ಬೇಲಿ ಒಡೆದು ಒಳನುಗ್ಗಿವೆಯೇ.

ಅಷ್ಟರಲ್ಲೂ ತೀರ್ಮಾನವಾಗದಿದ್ದರೆ ಐಎಚ್‌ಸಿ ಎಂಬ ಹೆಚ್ಚುವರಿ ಪರೀಕ್ಷೆ ಕೇಳುತ್ತಾರೆ. ಕೋಶದಲ್ಲಿರುವ ನಿರ್ದಿಷ್ಟ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಹಾಕಿ, ಇದ್ದಲ್ಲಿ ಕಂದು ಬಣ್ಣ ಬರಿಸುವ ವಿಧಾನ ಅದು. ಅದಕ್ಕೆ ಬೇರೆ ಹಣ, ಇನ್ನಷ್ಟು ದಿನ. ಹೊಸದಾಗಿ ತುಂಡು ತೆಗೆಯಬೇಕಾಗಿಲ್ಲ, ಸಾಮಾನ್ಯವಾಗಿ ಅದೇ ಬ್ಲಾಕ್ ಸಾಕು.

6. ಕಾಯುವ ದಿನಗಳು

ಎಫ್‌ಎನ್‌ಎಸಿ ಒಂದೆರಡು ದಿನ. ಸಣ್ಣ ಬಯಾಪ್ಸಿ ಮೂರರಿಂದ ಐದು ದಿನ. ಇಡೀ ಅಂಗವಾದರೆ ಒಂದು ವಾರ, ಮೂಳೆಯಾದರೆ ಆಮ್ಲದಲ್ಲಿ ಅದರ ಸುಣ್ಣ ಕರಗಿಸಬೇಕಾದ್ದರಿಂದ ಇನ್ನೂ ಹೆಚ್ಚು. ತಡವಾಯಿತೆಂದರೆ ಕೆಟ್ಟ ಸುದ್ದಿ ಎಂದು ಲೆಕ್ಕ ಹಾಕಬೇಡಿ. ಶಸ್ತ್ರಚಿಕಿತ್ಸೆಯ ಮಧ್ಯೆ ಅರ್ಧ ಗಂಟೆಯಲ್ಲಿ ಬರುವ ಉತ್ತರವೂ ಇದೆ. ಅದು ಫ್ರೋಜನ್ ಸೆಕ್ಷನ್, ತುಂಡನ್ನು ಹೆಪ್ಪುಗಟ್ಟಿಸಿ ಕೊಯ್ಯುವುದು. ಆಗ ಹೇಳುವುದು ತಾತ್ಕಾಲಿಕ ಅಭಿಪ್ರಾಯ, ಪೂರ್ಣ ವರದಿ ಆಮೇಲೆಯೇ.

7. ವರದಿ ಓದುವಾಗ ಎಡವುವ ಜಾಗಗಳು

ಮೊದಲು ಹೆಸರು, ವಯಸ್ಸು, ಎಡ ಬಲ ಸರಿಯಾಗಿದೆಯೇ ನೋಡಿ. ಆಮೇಲೆ ಉಳಿದದ್ದು.

ಬಿನೈನ್ ಎಂದರೆ ಹರಡುವ ಗುಣವಿಲ್ಲದ್ದು, ಮ್ಯಾಲಿಗ್ನೆಂಟ್ ಎಂದರೆ ಕ್ಯಾನ್ಸರ್. "ಇನ್‌ಅಡಿಕ್ವೇಟ್" ಎಂದಿದ್ದರೆ ತೀರ್ಮಾನಕ್ಕೆ ಸಾಕಷ್ಟು ಕೋಶಗಳು ಸಿಗಲಿಲ್ಲ ಎಂದರ್ಥ. "ಏನೂ ಇಲ್ಲ ಎಂದು ಬಂತು" ಎಂದು ಆ ವರದಿಯನ್ನು ಕಪಾಟಿನಲ್ಲಿಟ್ಟು ಆರು ತಿಂಗಳ ನಂತರ ಬಂದವರಿದ್ದಾರೆ. ಅದು ಏನೂ ಇಲ್ಲ ಎಂದಲ್ಲ. ಪರೀಕ್ಷೆಯನ್ನು ಮತ್ತೆ ಮಾಡಿಸಬೇಕಾದೀತು, ವೈದ್ಯರ ಬಳಿ ಹೋಗಿ ಎಂದರ್ಥ.

ಗ್ರೇಡ್ ಬೇರೆ, ಸ್ಟೇಜ್ ಬೇರೆ. ಗ್ರೇಡ್ ಎಂದರೆ ಕೋಶಗಳು ಸಹಜ ರೂಪದಿಂದ ಎಷ್ಟು ದೂರ ಹೋಗಿವೆ ಎಂಬುದು, ಸೂಕ್ಷ್ಮದರ್ಶಕದಲ್ಲಿ ಕಾಣುವಂಥದ್ದು. ಸ್ಟೇಜ್ ಎಂದರೆ ದೇಹದಲ್ಲಿ ಎಷ್ಟು ಹರಡಿದೆ ಎಂಬುದು. ಅದಕ್ಕೆ ಸ್ಕ್ಯಾನುಗಳೂ ಬೇಕು. "ಗ್ರೇಡ್ 3" ಕಂಡು ಮೂರನೇ ಹಂತ ಎಂದು ಮನೆಯಲ್ಲಿ ಅಳು ಎಬ್ಬಿಸಬೇಡಿ. ಥೈರಾಯ್ಡಿನ ಎಫ್‌ಎನ್‌ಎಸಿಯಲ್ಲಿ "ಬೆಥೆಸ್ಡಾ 2" ಎಂದಿದ್ದರಂತೂ ಅದು ನಿರಪಾಯದ ವರ್ಗ. 1 ಎಂದರೆ ಕೋಶ ಸಾಲದು, 6 ಎಂದರೆ ಕ್ಯಾನ್ಸರ್. ನಡುವಿನವು ಸಂಶಯದ ಮೆಟ್ಟಿಲುಗಳು. ಪ್ರಾಸ್ಟೇಟ್ ಕ್ಯಾನ್ಸರಿನ ಗ್ರೇಡ್ ಹೇಳುವ ಗ್ಲೀಸನ್ ಅಂಕ 6 ಎಂದರೆ ಹತ್ತರಲ್ಲಿ ಆರು ಅಂಕದ ಅಪಾಯವಲ್ಲ. ಬಯಾಪ್ಸಿ ವರದಿಗಳಲ್ಲಿ ಈಗ ಸಾಮಾನ್ಯವಾಗಿ ಎಣಿಕೆ ಶುರುವಾಗುವುದೇ 6ರಿಂದ.

"ಪಾಸಿಟಿವ್" ಎಂಬ ಪದಕ್ಕೂ ಹೆದರಬೇಡಿ. ಸ್ತನ ಕ್ಯಾನ್ಸರಿನ ವರದಿಯಲ್ಲಿ ಇಆರ್ (ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಗ್ರಾಹಕ) ಪಾಸಿಟಿವ್ ಎಂದರೆ ಹಾರ್ಮೋನ್ ಮಾತ್ರೆಗಳ ಚಿಕಿತ್ಸೆಗೆ ದಾರಿ ಇದೆ ಎಂದು. ಹರ್2 ಎಂಬ ಪ್ರೋಟೀನಿನ ಮುಂದೆ 2 ಪ್ಲಸ್ ಬಂದಿದ್ದರೆ ಅದು ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಫಿಶ್ ಎಂಬ ಇನ್ನೊಂದು ಪರೀಕ್ಷೆ ಬೇಕು. ಮೀನಿಗೂ ಅದಕ್ಕೂ ಸಂಬಂಧವಿಲ್ಲ, ವಂಶವಾಹಿಯನ್ನು ಹೊಳೆಯಿಸಿ ಎಣಿಸುವ ವಿಧಾನದ ಹೆಸರು. ಮಾರ್ಜಿನ್ ಫ್ರೀ ಎಂದರೆ ತೆಗೆದ ತುಂಡಿನ ಅಂಚಿನಲ್ಲಿ ರೋಗ ಕಾಣಲಿಲ್ಲ ಎಂದು.

ಬಾಯಿಯ ತುಂಡಿನ ವರದಿಯಲ್ಲಿ ನಮ್ಮವರು ಹೆಚ್ಚಾಗಿ ಕಾಣುವ ಎರಡು ಪದಗಳಿವೆ. ಡಿಸ್‌ಪ್ಲೇಸಿಯ ಎಂದರೆ ಇನ್ನೂ ಕ್ಯಾನ್ಸರ್ ಅಲ್ಲ, ಆ ದಿಕ್ಕಿಗೆ ಕೋಶಗಳು ಬದಲಾಗುತ್ತಿವೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದರೆ ಕೆನ್ನೆಯ ಒಳಭಾಗ ನಾರುನಾರಾಗಿ ಬಿಗಿದು ಬಾಯಿ ತೆರೆಯಲಾಗದಂತಾಗುವುದು; ಇದರ ಕಾರಣ ಅಡಿಕೆ ಜಗಿಯುವುದು. ಅಡಿಕೆ ನಮ್ಮ ಅನ್ನ, ನನ್ನ ಮನೆಯಂಗಳದಲ್ಲೂ ಅದು ಒಣಗುತ್ತದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ ಎಂಬುದನ್ನು ಮುಚ್ಚಿಟ್ಟು ಈ ಲೇಖನ ಬರೆಯಲಾರೆ. ಮೂರು ವಾರಕ್ಕೂ ವಾಸಿಯಾಗದ ಬಾಯಿಹುಣ್ಣನ್ನು ಜೇನು ಸವರಿ ಕಾಯದೆ ತೋರಿಸಿ.

ಕೊನೆಯಲ್ಲಿ "ಕ್ಲಿನಿಕಲ್ ಕೋರಿಲೇಷನ್" ಎಂದಿದ್ದರೆ ರೋಗಿಯನ್ನು ಕಂಡ ವೈದ್ಯರು ಸ್ಕ್ಯಾನು, ರಕ್ತಪರೀಕ್ಷೆಗಳ ಜೊತೆ ಇದನ್ನು ಹೊಂದಿಸಿ ನೋಡಲಿ ಎಂದು. ಅಂದರೆ ವರದಿಯ ಫೋಟೋವನ್ನು ನನಗೆ ಕಳುಹಿಸುವುದಕ್ಕಿಂತ ಚೀಟಿ ಬರೆದ ವೈದ್ಯರ ಬಳಿ ಒಯ್ಯುವುದು ಮೊದಲ ಕೆಲಸ.

8. ಇನ್ನೊಬ್ಬರ ಅಭಿಪ್ರಾಯ ಬೇಕೆನಿಸಿದರೆ

ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರ್ ಆದ ಆರ್‌ಸಿಸಿಗೋ ಹೋದಾಗ ಬರೀ ವರದಿ ಸಾಲುವುದಿಲ್ಲ. ಇಂಥ ಕೇಂದ್ರಗಳಲ್ಲಿ ಸ್ಲೈಡುಗಳನ್ನೂ ಬ್ಲಾಕನ್ನೂ ತನ್ನಿ ಎನ್ನುತ್ತಾರೆ, ತಾವೇ ಮತ್ತೆ ನೋಡುತ್ತಾರೆ. ಅದಿಲ್ಲದೆ ಹೋಗಿ, ರೈಲಿನಲ್ಲಿ ವಾಪಸು ಬಂದು, ಮಂಗಳೂರಿಗೆ ಬಂದು ನಮ್ಮ ಕೌಂಟರಿನಲ್ಲಿ ನಿಲ್ಲುವವರು ಪ್ರತಿ ತಿಂಗಳೂ ಇದ್ದಾರೆ. ಹೊರಡುವ ಎರಡು ದಿನ ಮೊದಲೇ ಅರ್ಜಿ, ಮೂಲ ವರದಿ, ರೋಗಿಯ ಗುರುತಿನ ಚೀಟಿ ತಂದು ಕೇಳಿ. ರೋಗಿಯ ಬದಲು ನೀವು ಬಂದಿದ್ದರೆ ಅವರ ಸಹಿಯ ಪತ್ರವೂ ಬೇಕಾಗಬಹುದು. ತೆಗೆದುಕೊಂಡ ಬ್ಲಾಕ್‌ಗಳ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಕೆಲಸ ಮುಗಿದ ಮೇಲೆ ಎಣಿಸಿ ಮರಳಿಸಿ: ಮುಂದೆಂದಾದರೂ ಹೊಸ ಪರೀಕ್ಷೆ ಬೇಕಾದರೆ ಉಳಿದಿರುವುದು ಅದೊಂದೇ.

ಸ್ಲೈಡುಗಳು ಗಾಜು, ಡಬ್ಬಿಯಲ್ಲಿಯೇ ಇರಲಿ. ಬ್ಲಾಕ್ ಮೇಣದ್ದು. ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲಿಟ್ಟು, ಗಾಜು ಏರಿಸಿ, ಊಟಕ್ಕೆ ಇಳಿಯಬೇಡಿ.